ಜಾಖರ್: ಹೀಬ್ರೂ ಬಾರದವರು ಒಂದು ಹೀಬ್ರೂ ಪದದ ಬೆನ್ನು ಹತ್ತುವ ಬಗೆ

ನನಗೆ ಹೀಬ್ರೂ ಬರುವುದಿಲ್ಲ. ಅಕ್ಷರ ಗುರುತಿಸಬಲ್ಲೆ, ನಿಘಂಟು ತೆರೆದು ಪದ ಹುಡುಕಬಲ್ಲೆ, ಅಷ್ಟೇ. ಹೈಸ್ಕೂಲಿನಲ್ಲಿ ಕನ್ನಡ ವ್ಯಾಕರಣ ಕಲಿಸಿ ನಿವೃತ್ತಳಾದವಳು ನಾನು. ಈಗ ಬುಧವಾರ ಸಂಜೆ ಬೆಟಗೇರಿಯ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಸತ್ಯವೇದ ಕೂಟ ನಡೆಸುತ್ತೇನೆ. ಪ್ರಸಂಗದ ನಡುವೆ ಯಾರಾದರೂ ದನಿ ಏರಿಸಿ "ಹೀಬ್ರೂ ಮೂಲದಲ್ಲಿ ಇದರ ನಿಜವಾದ ಅರ್ಥ ಏನು ಗೊತ್ತೇ?" ಎಂದರೆ ಕೂತವರೆಲ್ಲ ಸುಮ್ಮನೆ ತಲೆಯಾಡಿಸುತ್ತಾರಲ್ಲ, ಆ ತಲೆಯಾಡಿಸುವಿಕೆ ನಿಲ್ಲಲಿ ಎಂಬುದಕ್ಕೆ ಈ ಬರಹ. ಆ ಅರ್ಥವನ್ನು ನೀವೇ ಪರೀಕ್ಷಿಸಬಹುದು. ಬೇಕಾದದ್ದು ಕನ್ನಡ ಸತ್ಯವೇದ, ಒಂದು ಉದ್ದನೆಯ ನೋಟ್‌ಬುಕ್, ಫೋನಿನಲ್ಲಿ ಇಂಟರ್ನೆಟ್, ಮತ್ತು ಆತುರವಿಲ್ಲದ ಒಂದೆರಡು ವಾರ.

ಉದಾಹರಣೆಗೆ ನಾನು ಆರಿಸಿಕೊಂಡಿರುವುದು ನೆನಪಿನ ಪದ, ಜಾಖರ್. ಮೂರು ವ್ಯಂಜನಗಳ ಧಾತು: ಜಾಯಿನ್, ಕಾಫ್, ರೇಶ್. 'ಖ' ಎಂದು ಬರೆದಿದ್ದೇನಾದರೂ ಉಚ್ಚಾರ ಗಂಟಲಿನಿಂದ ಕೆರೆದುಕೊಂಡು ಬರಬೇಕು, ಉರ್ದು ಬಲ್ಲವರು 'ಖಬರ್' ಅನ್ನುವ ಹಾಗೆ. ಹಳೆಯ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ಇನ್ನೂರಕ್ಕೂ ಹೆಚ್ಚು ಸಲ ಬರುತ್ತದೆ. ಅಷ್ಟನ್ನೂ ಓದಬೇಕಾಗಿಲ್ಲ, ಓದಿದರೆ ನಷ್ಟವೂ ಇಲ್ಲ.

ಮೊದಲು ಸಂಖ್ಯೆ ಹಿಡಿಯಿರಿ

ಕನ್ನಡ ಸತ್ಯವೇದವನ್ನೇ ನೆಚ್ಚಿಕೊಂಡು 'ನೆನಪು' ಎಂಬ ಪದ ಹುಡುಕುತ್ತ ಹೋದರೆ ಅರ್ಧ ವಚನಗಳು ತಪ್ಪಿಹೋಗುತ್ತವೆ. ಒಂದೇ ಜಾಖರ್ ಒಂದು ಕಡೆ ನೆನಪಾಗಿ, ಇನ್ನೊಂದು ಕಡೆ ಜ್ಞಾಪಕವಾಗಿ, ಮತ್ತೊಂದು ಕಡೆ ಸ್ಮರಣೆಯಾಗಿ ಬರುತ್ತದೆ. ಅನುವಾದ ಬದಲಾದರೆ ಇದೂ ಬದಲಾಗುತ್ತದೆ. ಅನುವಾದಕರ ತಪ್ಪಲ್ಲ ಇದು. ಸಂದರ್ಭಕ್ಕೆ ಒಪ್ಪುವ ಕನ್ನಡ ಹುಡುಕುವುದು ಅವರ ಕೆಲಸ. ನಮಗೆ ಬೇಕಾದದ್ದು ಎಲ್ಲದರ ಹಿಂದೆ ಇರುವ ಆ ಒಂದೇ ಪದ.

ಇದಕ್ಕೆ ಜೇಮ್ಸ್ ಸ್ಟ್ರಾಂಗ್ ಎಂಬ ಅಮೆರಿಕದ ವಿದ್ವಾಂಸ 1890ರಲ್ಲಿ ಒಂದು ಉಪಕಾರ ಮಾಡಿಟ್ಟಿದ್ದಾನೆ. ಹಳೆಯ ಒಡಂಬಡಿಕೆಯ ಪ್ರತಿ ಪದಕ್ಕೂ 1ರಿಂದ 8674ರವರೆಗೆ ಒಂದೊಂದು ಸಂಖ್ಯೆ. ನಮ್ಮ ಕ್ರಿಯಾಪದದ ಸಂಖ್ಯೆ 2142. ಸ್ಟೆಪ್ ಬೈಬಲ್, ಬ್ಲೂ ಲೆಟರ್ ಬೈಬಲ್ ಮೊದಲಾದ ಉಚಿತ ತಾಣಗಳಲ್ಲಿ ಒಂದು ವಚನ ತೆರೆದು ಪದ ಒತ್ತಿದರೆ ಈ ಸಂಖ್ಯೆ ಕಾಣುತ್ತದೆ. ಸಂಖ್ಯೆ ಒತ್ತಿದರೆ ಆ ಪದ ಬರುವ ವಚನಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಅವು ಇಂಗ್ಲಿಷಿನಲ್ಲಿ ಇರುತ್ತವೆ, ಇರಲಿ. ನಿಮಗೆ ಬೇಕಾದದ್ದು ಅಧ್ಯಾಯ, ವಚನದ ಸಂಖ್ಯೆ ಮಾತ್ರ. ಓದುವುದು ಕನ್ನಡದಲ್ಲೇ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕುಟುಂಬದ ಉಳಿದವರನ್ನೂ ಬರೆದುಕೊಳ್ಳಿ. 2143 ಜೇಖೆರ್, ಅಂದರೆ ಉಳಿದುಕೊಳ್ಳುವ ನೆನಪು, ಹೆಸರು. 2146 ಜಿಕ್ಕಾರೋನ್, ಅಂದರೆ ಜ್ಞಾಪಕಕ್ಕಾಗಿ ಇಟ್ಟದ್ದು, ಅದು ಕಲ್ಲಾಗಬಹುದು, ಹಬ್ಬವಾಗಬಹುದು, ಬರಹವಾಗಬಹುದು. 234 ಅಜ್ಕಾರಾ, ಹೋಮಕ್ಕೆ ಸಂಬಂಧಿಸಿದ್ದು, ಒಟ್ಟು ಏಳು ಸಲ ಮಾತ್ರ. 2148 ಜೆಖರ್ಯಾ, ನಮ್ಮ ಕನ್ನಡದ ಜಕರೀಯ. ಹೆಸರಿನ ಅರ್ಥ 'ಯೆಹೋವನು ನೆನೆದನು'.

ನಡುವೆ ಒಬ್ಬ ವೇಷಧಾರಿ ಇದ್ದಾನೆ: 2145, ಜಾಖಾರ್, 'ಗಂಡು' ಎಂಬ ನಾಮಪದ. ಆದಿಕಾಂಡ 1:27ರಲ್ಲಿ ದೇವರು ಅವರನ್ನು ಗಂಡುಹೆಣ್ಣಾಗಿ ನಿರ್ಮಿಸಿದ ಎಂಬಲ್ಲಿ ಇರುವುದು ಇದೇ. ಅಕ್ಷರಗಳು ಅವೇ ಮೂರು. ಪ್ರಾಚೀನ ಹೀಬ್ರೂವನ್ನು ಬಹುಮಟ್ಟಿಗೆ ವ್ಯಂಜನಗಳಲ್ಲೇ ಬರೆಯುತ್ತಿದ್ದರು. ಕಾಗುಣಿತವಿಲ್ಲದೆ ಕನ್ನಡ ಬರೆದರೆ ಮರ, ಮಾರು, ಮೂರು, ಮೋರಿ ಎಲ್ಲವೂ 'ಮರ' ಎಂದೇ ಕಾಣುತ್ತವಲ್ಲ, ಹಾಗೆ. ಸ್ವರಚಿಹ್ನೆಗಳನ್ನು ಬಹಳ ಶತಮಾನಗಳ ನಂತರ ಮಸೋರೇಟರೆಂಬ ಯೆಹೂದಿ ಲಿಪಿಕಾರ ವಿದ್ವಾಂಸರು ಸೇರಿಸಿದರು. "ಗಂಡಸು ವಂಶದ ನೆನಪನ್ನು ಉಳಿಸುವವನು, ಅದಕ್ಕೇ ಈ ಪದ" ಎಂದು ಯಾರಾದರೂ ಇವೆರಡನ್ನೂ ಗಂಟು ಹಾಕಿ ಬೋಧಿಸಿದರೆ ನಂಬಬೇಡಿ. ಅಕ್ಷರ ಒಂದೇ ಎಂದಮಾತ್ರಕ್ಕೆ ಅರ್ಥ ಹರಿದುಬರುವುದಿಲ್ಲ.

ವಚನಗಳ ಸಂಖ್ಯೆಯಲ್ಲೂ ಒಂದು ತೊಡಕಿದೆ. ಕೀರ್ತನೆಗಳಲ್ಲಿ ಶೀರ್ಷಿಕೆಯನ್ನು ಹೀಬ್ರೂ ಪ್ರತಿ ಹಲವು ಕಡೆ ಒಂದನೆಯ ವಚನವಾಗಿ ಎಣಿಸುತ್ತದೆ. ಹಾಗಾಗಿ ನಮ್ಮ ಕೀರ್ತನೆ 8:4 ಅಲ್ಲಿ 8:5. ವಚನ ಸಿಗಲಿಲ್ಲವೆಂದರೆ ಒಂದು ಹಿಂದೆ ಮುಂದೆ ನೋಡಿ.

ನಾಲ್ಕು ಕಾಲಂ

ಈಗ ನೋಟ್‌ಬುಕ್ಕಿನ ಪುಟವನ್ನು ನಾಲ್ಕು ಕಾಲಂ ಮಾಡಿ. ನೆನೆದವರು ಯಾರು? ಏನನ್ನು, ಯಾರನ್ನು ನೆನೆದರು? ಅದಾದ ಕೂಡಲೇ ಬರುವ ಕ್ರಿಯಾಪದ ಯಾವುದು? ಕೊನೆಗೆ, ಲಾಭವಾದದ್ದು (ಇಲ್ಲವೇ ಹಾನಿಯಾದದ್ದು) ಯಾರಿಗೆ? ನಿಘಂಟನ್ನು ಇನ್ನೂ ತೆರೆಯಬೇಡಿ. ನಿಘಂಟು ನಿಮಗಿಂತ ಮೊದಲೇ ತೀರ್ಮಾನ ಹೇಳಿಬಿಡುತ್ತದೆ.

ಮೂರನೆಯ ಕಾಲಮ್ಮೇ ಈ ವಿಧಾನದ ಜೀವ. ಮೊದಲ ಸಾಲು ಆದಿಕಾಂಡ 8:1. ಈ ಕ್ರಿಯಾಪದ ಸತ್ಯವೇದದಲ್ಲಿ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ. ಅದರ ಹಿಂದಿನ ವಚನದಲ್ಲಿ ನೀರು ನೂರೈವತ್ತು ದಿನ ಭೂಮಿಯ ಮೇಲೆ ಪ್ರಬಲವಾಗಿತ್ತು. ನಂತರ, ದೇವರು ನೋಹನನ್ನೂ ನಾವೆಯಲ್ಲಿದ್ದ ಕಾಡುಮೃಗ, ದನಕರುಗಳನ್ನೂ ನೆನೆದ. ಗಾಳಿ ಬೀಸುವಂತೆ ಮಾಡಿದ. ನೀರು ತಗ್ಗಿತು. ಜಲಾಗಾಧದ ಸೆಲೆಗಳು ಮುಚ್ಚಿದವು.

ನಮ್ಮ ಕೂಟದಲ್ಲಿ ಈ ವಚನ ಓದಿದ ಕೂಡಲೇ ಒಬ್ಬಾಕೆ ಕೇಳಿದ್ದು: "ಅಕ್ಕಾರ, ಹಂಗಾರ ಅಲ್ಲೀತನಕಾ ದೇವ್ರು ಮರತಿದ್ನೇನ್ರಿ?" ಒಳ್ಳೆಯ ಪ್ರಶ್ನೆ. ಬಾಯಿ ಮುಚ್ಚಿಸಬೇಡಿ, "ದೇವರಿಗೆ ಮರೆವಿಲ್ಲ" ಎಂದು ಸಿದ್ಧಾಂತ ಹೇಳಿ ಮುಂದೆ ಹೋಗಲೂಬೇಡಿ. ಪುಟದಲ್ಲಿ ಇನ್ನಷ್ಟು ಸಾಲು ತುಂಬುವವರೆಗೆ ಪ್ರಶ್ನೆಯನ್ನು ಹಾಗೇ ಇಟ್ಟುಕೊಳ್ಳಿ.

ಆದಿಕಾಂಡ 19:29. ಸೊದೋಮ್ ನಾಶವಾಗುವಾಗ ದೇವರು ಅಬ್ರಹಾಮನನ್ನು ನೆನೆದ. ಪಾರಾಗಿ ಹೊರಬಂದದ್ದು ಅಬ್ರಹಾಮನ ಸಹೋದರನ ಮಗ ಲೋಟ. ಎರಡನೆಯ ಮತ್ತು ನಾಲ್ಕನೆಯ ಕಾಲಮ್ಮಿನಲ್ಲಿ ಬೇರೆ ಬೇರೆ ಹೆಸರು! ಬರೀ ಓದಿಕೊಂಡು ಹೋದರೆ ಇದು ಕಣ್ಣಿಗೆ ಬೀಳುವುದಿಲ್ಲ. ಆದಿಕಾಂಡ 30:22ರಲ್ಲಿ ದೇವರು ರಾಹೇಲಳನ್ನು ನೆನೆದ, ಆಕೆಯ ಮೊರೆ ಕೇಳಿದ, ಗರ್ಭ ತೆರೆದ. 1 ಸಮುವೇಲ 1ರಲ್ಲಿ ಹನ್ನಳು "ನನ್ನನ್ನು ನೆನೆ, ಮರೆಯಬೇಡ" ಎಂದು ಬೇಡಿಕೊಳ್ಳುತ್ತಾಳೆ (11). ಯೆಹೋವನು ನೆನೆಯುತ್ತಾನೆ (19). ಮುಂದಿನ ವಚನದಲ್ಲಿ ಸಮುವೇಲ ಹುಟ್ಟಿಯಾಯಿತು. ವಿಮೋಚನಕಾಂಡ 2:24-25ರಲ್ಲಿ ನಾಲ್ಕು ಕ್ರಿಯಾಪದಗಳು ಒಂದರ ಹಿಂದೆ ಒಂದು: ನರಳಾಟ ಕೇಳಿದ, ಒಡಂಬಡಿಕೆ ನೆನೆದ, ಇಸ್ರಾಯೇಲ್ಯರನ್ನು ನೋಡಿದ, ತಿಳಿದುಕೊಂಡ. ಮೂರನೆಯ ಅಧ್ಯಾಯ ತೆರೆದರೆ ಪೊದೆ ಉರಿಯುತ್ತಿದೆ, ಮೋಶೆಗೆ ಕರೆ ಬಂದಿದೆ.

ಇಷ್ಟು ಸಾಲು ಬರೆದ ಮೇಲೆ ಮೂರನೆಯ ಕಾಲಮ್ಮನ್ನು ಮಾತ್ರ ಮೇಲಿಂದ ಕೆಳಗೆ ಗಟ್ಟಿಯಾಗಿ ಓದಿಸಿ. ಗಾಳಿ ಬೀಸಿಸಿದ. ಹೊರಗೆ ಕಳುಹಿಸಿದ. ಕೇಳಿದ, ತೆರೆದ. ನೋಡಿದ. "ಮರತಿದ್ನೇನ್ರಿ?" ಎಂದಾಕೆಗೆ ಉತ್ತರ ಆಗಲೇ ಸಿಕ್ಕಿರುತ್ತದೆ. ಇಲ್ಲಿ ನೆನೆಯುವುದು ಎಂದರೆ ಮರೆತದ್ದು ತಲೆಗೆ ಮರಳಿ ಬರುವುದಲ್ಲ; ಸಂಬಂಧವಿರುವವರ ಪರವಾಗಿ ಎದ್ದು ಕೆಲಸಕ್ಕೆ ಇಳಿಯುವುದು. ಇದರಲ್ಲಿ ಹೀಬ್ರೂವಿನ ಯಾವ ಗುಟ್ಟೂ ಇಲ್ಲ. ಸಾಹೇಬರ ಕೋಣೆಯಿಂದ ಹೊರಡುವಾಗ ನಾವೂ "ನಮ್ಮನ್ನ ಸ್ವಲ್ಪ ನೆನಪಿನಾಗ ಇಟ್ಕೋರಿ" ಅನ್ನುವುದಿಲ್ಲವೇ? ಸಾಹೇಬರು ನಮ್ಮ ಮುಖ ಕಣ್ಣಮುಂದೆ ತಂದುಕೊಂಡು ಕೂತಿರಲಿ ಎಂದೇ ನಮ್ಮ ಆಸೆ?

ಪ್ರೇರಣಾರ್ಥಕವನ್ನು ಬಿಡಬೇಡಿ

ಕನ್ನಡ ವ್ಯಾಕರಣ ಕಲಿಸಿದವಳಿಗೆ ಈ ಭಾಗ ಹಬ್ಬ. ಓದುವವರಿಗೂ ಆಗಲಿ ಎಂದು ಆಶಿಸುತ್ತೇನೆ. ಹೀಬ್ರೂ ಧಾತುವೊಂದು ಹಲವು ಅಚ್ಚುಗಳಲ್ಲಿ ಇಳಿಯುತ್ತದೆ. ಜಾಖರ್, ನೆನೆದ. ನಿಜ್ಕರ್, ನೆನೆಯಲ್ಪಟ್ಟ, ನಮ್ಮ ಕರ್ಮಣಿ. ಹಿಜ್ಕೀರ್, ನೆನಪಾಗುವಂತೆ ಮಾಡಿದ, ನಮ್ಮ ಪ್ರೇರಣಾರ್ಥಕ. ಸ್ಟ್ರಾಂಗ್ ಸಂಖ್ಯೆ ಮೂರಕ್ಕೂ ಒಂದೇ, 2142. ಯಾವ ಅಚ್ಚು ಎಂಬುದನ್ನು ತಿಳಿಯಲು ತಾಣದಲ್ಲಿ ಪದದ ಪಕ್ಕ 'ಕಾಲ್', 'ನಿಫಾಲ್', 'ಹಿಫಿಲ್' ಎಂದು ಕೊಟ್ಟಿರುವುದನ್ನು ನೋಡಬೇಕು. ಕಾಲ್ ಎಂದರೆ ಸಾದಾ, ನಿಫಾಲ್ ಇಲ್ಲಿ ಕರ್ಮಣಿ, ಹಿಫಿಲ್ ಪ್ರೇರಣಾರ್ಥಕ.

ಯೋಸೇಫನ ಸೆರೆಮನೆಯ ಕಥೆಯಲ್ಲಿ ಇದನ್ನು ಪರೀಕ್ಷಿಸಿ. ಆದಿಕಾಂಡ 40:14ರಲ್ಲಿ ಯೋಸೇಫ ಪಾನದಾಯಕನಿಗೆ ಹೇಳುವ ಒಂದೇ ವಚನದಲ್ಲಿ ಪದ ಎರಡು ಸಲ: ನಿನಗೆ ಒಳ್ಳೆಯದಾದಾಗ ನನ್ನನ್ನು ನೆನೆ (ಸಾದಾ), ಫರೋಹನ ಮುಂದೆ ನನ್ನ ಪ್ರಸ್ತಾಪ ಎತ್ತು (ಪ್ರೇರಣಾರ್ಥಕ). ಎರಡನೆಯದಿಲ್ಲದೆ ಮೊದಲನೆಯದರಿಂದ ಸೆರೆಯಲ್ಲಿರುವವನಿಗೆ ಕಿಲುಬುಕಾಸಿನ ಪ್ರಯೋಜನವಿಲ್ಲ. ಅಧ್ಯಾಯ ಮುಗಿಯುವುದು ಹೀಗೆ: ಪಾನದಾಯಕ ಯೋಸೇಫನನ್ನು ನೆನೆಯಲಿಲ್ಲ, ಮರೆತುಬಿಟ್ಟ. ಎರಡು ವರ್ಷ ಕಳೆದು ಫರೋಹನಿಗೆ ಕನಸು ಬಿದ್ದು, ಅರ್ಥ ಹೇಳುವವರಿಲ್ಲದಾಗ ಆ ಮನುಷ್ಯ ಬಾಯಿಬಿಡುತ್ತಾನೆ: "ಈ ಹೊತ್ತು ನನ್ನ ತಪ್ಪುಗಳ ಪ್ರಸ್ತಾಪ ಎತ್ತುತ್ತಿದ್ದೇನೆ" (41:9). ಮತ್ತೆ ಪ್ರೇರಣಾರ್ಥಕ. ಯೋಸೇಫನ ಸುದ್ದಿ ಹೇಳುವ ಮುಂಚೆ ತನ್ನ ತಪ್ಪಿನ ಸುದ್ದಿ ಬರಬೇಕಾಯಿತು. ಕಥೆಗಾರ ಎಷ್ಟು ಚುರುಕು ನೋಡಿ.

ಈ ಪ್ರೇರಣಾರ್ಥಕದಿಂದ ಹುಟ್ಟಿದ ಪದ ಮಜ್ಕೀರ್, ನೆನಪಿಸುವವನು. ದಾವೀದನ ಆಸ್ಥಾನದಲ್ಲಿ ಅದೊಂದು ಹುದ್ದೆ: ಅಹೀಲೂದನ ಮಗ ಯೆಹೋಷಾಫಾಟ್ ಮಜ್ಕೀರ್ ಆಗಿದ್ದ (2 ಸಮುವೇಲ 8:16). ಇವತ್ತಿನ ಇಸ್ರೇಲಿನಲ್ಲಿ ಆಫೀಸಿನ ಕಾರ್ಯದರ್ಶಿಗೂ ಅದೇ ಪದ, ಹೆಣ್ಣಾದರೆ ಮಜ್ಕೀರಾ. ಇದನ್ನು ತಿಳಿದುಕೊಂಡು ಯೆಶಾಯ 62:6-7 ಓದಿ. ಯೆರೂಸಲೇಮಿನ ಗೋಡೆಗಳ ಮೇಲೆ ನಿಂತ ಕಾವಲುಗಾರರನ್ನು ಪ್ರವಾದಿ "ಯೆಹೋವನಿಗೆ ನೆನಪಿಸುವವರೇ" ಎಂದು ಕರೆಯುತ್ತಾನೆ. ನೀವೂ ವಿಶ್ರಮಿಸಬೇಡಿ, ಆತನಿಗೂ ವಿಶ್ರಾಂತಿ ಕೊಡಬೇಡಿ ಎನ್ನುತ್ತಾನೆ. ಪ್ರಾರ್ಥನೆಯ ಬಗ್ಗೆ ಇಷ್ಟು ಧೈರ್ಯದ ಮಾತು ನಮ್ಮ ಸಭೆಗಳಲ್ಲಿ ನಾನು ಕೇಳಿದ್ದು ಕಡಿಮೆ.

ವಸ್ತುಗಳ ಮುಂದೆ ನಿಂತು: ಇದು ಯಾರ ಕಣ್ಣಿಗೆ?

ಜಿಕ್ಕಾರೋನ್ ಬಂದ ಕಡೆಯೆಲ್ಲ ಒಂದೇ ಪ್ರಶ್ನೆ ಕೇಳಿ. ಈ ವಸ್ತುವನ್ನು ನೋಡಬೇಕಾದವರು ಯಾರು?

ವಿಮೋಚನಕಾಂಡ 28ರಲ್ಲಿ ಮಹಾಯಾಜಕ ಆರೋನನ ಏಫೋದಿನ, ಅಂದರೆ ಯಾಜಕವಸ್ತ್ರದ, ಹೆಗಲಿನ ಮೇಲೆ ಎರಡು ಕಲ್ಲು. ಒಂದೊಂದರಲ್ಲಿ ಆರು ಕುಲಗಳ ಹೆಸರು ಕೆತ್ತಿದೆ. ಅವು ಜಿಕ್ಕಾರೋನ್ ಕಲ್ಲುಗಳು. ಆರೋನ ಅವನ್ನು ಹೊತ್ತುಕೊಂಡು ಹೋಗುವುದು ಯೆಹೋವನ ಸನ್ನಿಧಿಗೆ. ನೋಡಬೇಕಾದವನು ದೇವರು. ಯೆಹೋಶುವ 4ರಲ್ಲಿ ಯೊರ್ದನ್ ಹೊಳೆಯ ನಡುವಿನಿಂದ ಎತ್ತಿ ತಂದ ಹನ್ನೆರಡು ಕಲ್ಲು ಗಿಲ್ಗಾಲಿನಲ್ಲಿ ನಿಲ್ಲುತ್ತವೆ, "ಈ ಕಲ್ಲು ಯಾಕೆ?" ಎಂದು ಮುಂದೆ ಮಕ್ಕಳು ಕೇಳಲಿ ಎಂಬುದಕ್ಕೆ. ನೋಡಬೇಕಾದವರು ಮಕ್ಕಳು. ಅರಣ್ಯಕಾಂಡ 10ರ ಬೆಳ್ಳಿಯ ತುತೂರಿ ಕಣ್ಣಿಗಲ್ಲ, ಕಿವಿಗೆ: ಯುದ್ಧಕ್ಕೆ ಹೋಗುವಾಗ ಊದಿದರೆ ದೇವರ ಮುಂದೆ ನೀವು ನೆನೆಯಲ್ಪಡುವಿರಿ, ಶತ್ರುಗಳಿಂದ ರಕ್ಷಣೆ ಆಗುವುದು. ಕರ್ಮಣಿ ರೂಪ ಇಲ್ಲಿ ಸ್ಪಷ್ಟ.

ಈ ಪ್ರಶ್ನೆಯಿಂದ ನನಗೆ ದಕ್ಕಿದ ಅತಿ ದೊಡ್ಡ ಲಾಭ ಮಳೆಬಿಲ್ಲು. ಅದು ನಮಗಾಗಿ ಇಟ್ಟ ಗುರುತು ಎಂದೇ ಭಾನುವಾರದ ಶಾಲೆಯಲ್ಲಿ ಬಣ್ಣ ಬಳಿಸುತ್ತೇವೆ. ಆದಿಕಾಂಡ 9:16ನ್ನು ನಿಧಾನವಾಗಿ ಓದಿ. ಬಿಲ್ಲು ಮೋಡದಲ್ಲಿ ಕಂಡಾಗ ನಾನು ಅದನ್ನು ನೋಡಿ ಒಡಂಬಡಿಕೆಯನ್ನು ನೆನೆಯುವೆನು, ಎನ್ನುವುದು ದೇವರು. ನೋಡುವವನು ಆತ. ಈಗ ಅರಣ್ಯಕಾಂಡ 15:39 ತೆರೆದು ಪಕ್ಕದಲ್ಲಿಡಿ. ಬಟ್ಟೆಯ ಅಂಚಿನ ಗೊಂಡೆಗಳ ವಿಷಯ: ನೀವು ಅವನ್ನು ನೋಡಿ, ಯೆಹೋವನ ಆಜ್ಞೆಗಳನ್ನು ನೆನೆದು, ಅವುಗಳ ಪ್ರಕಾರ ನಡೆಯಬೇಕು. ಹೀಬ್ರೂವಿನಲ್ಲಿ ನೋಡುವ, ನೆನೆಯುವ ಕ್ರಿಯಾಪದಗಳು ಎರಡು ಕಡೆಯೂ ಅವೇ, ರಾಆ ಮತ್ತು ಜಾಖರ್. ದೇವರಿಗೆ ಆಕಾಶದಲ್ಲಿ ಒಂದು ಗುರುತು, ಮನುಷ್ಯನಿಗೆ ಬಟ್ಟೆಯಂಚಿನಲ್ಲಿ ಒಂದು ಗುರುತು. ಕೂಟದಲ್ಲಿ ಈ ಎರಡು ವಚನಗಳನ್ನು ಇಬ್ಬರ ಕೈಲಿ ಒಂದಾದ ಮೇಲೊಂದು ಓದಿಸಿ ಸುಮ್ಮನಿದ್ದುಬಿಡಿ, ವಿವರಣೆ ಬೇಡ.

ಅಜ್ಕಾರಾ ಬಗ್ಗೆ ಹೆಚ್ಚು ಹೊತ್ತು ಬೇಕಿಲ್ಲ. ಯಾಜಕಕಾಂಡ 2:2ರಲ್ಲಿ ಧಾನ್ಯನೈವೇದ್ಯದಿಂದ ಯಾಜಕ ಒಂದು ಹಿಡಿ ಹಿಟ್ಟು, ಎಣ್ಣೆ, ಧೂಪವೆಲ್ಲವನ್ನೂ ತೆಗೆದು ವೇದಿಯ ಮೇಲೆ ಸುಡುತ್ತಾನಲ್ಲ, ಆ ಹಿಡಿಯ ಹೆಸರು ಅದು. ಹೊಗೆ ಮೇಲಕ್ಕೆ ಹೋಗುತ್ತದೆ. ಅಪೊಸ್ತಲರ ಕೃತ್ಯಗಳು 10:4ರಲ್ಲಿ ದೇವದೂತ ಕೊರ್ನೇಲ್ಯನಿಗೆ "ನಿನ್ನ ಪ್ರಾರ್ಥನೆ, ದಾನಧರ್ಮ ಜ್ಞಾಪಕಾರ್ಥವಾಗಿ ದೇವರ ಸನ್ನಿಧಿಗೆ ಏರಿದವು" ಎನ್ನುವಾಗ ಬಳಕೆಯಾಗಿರುವ ಗ್ರೀಕ್ ಪದ, ಯಾಜಕಕಾಂಡದ ಹಳೆಯ ಗ್ರೀಕ್ ಅನುವಾದ ಅಜ್ಕಾರಾಕ್ಕೆ ಬಳಸಿದ ಪದವೇ. ರೋಮಿನ ಶತಾಧಿಪತಿಯೊಬ್ಬನ ಮನೆಯ ಪ್ರಾರ್ಥನೆಗೆ ದೇವಾಲಯದ ಧೂಪದ ಸ್ಥಾನ.

ಕರ್ತನ ಭೋಜನದ ಮಾತು ಬಂದೇ ಬರುತ್ತದೆ. ಲೂಕ 22:19, 1 ಕೊರಿಂಥ 11:24-25. ಅಲ್ಲಿರುವ ಗ್ರೀಕ್ ಪದ ಅನಾಮ್ನೇಸಿಸ್. ಹಳೆಯ ಗ್ರೀಕ್ ಅನುವಾದದಲ್ಲಿ ಅರಣ್ಯಕಾಂಡ 10:10ರ ಜಿಕ್ಕಾರೋನ್‌ಗೂ ಅದೇ ಬಂದಿದೆ. ಪಸ್ಕದ ಊಟದ ಮೇಜಿನಲ್ಲಿ ಆಡಿದ ಮಾತು, ಪಸ್ಕವೇ ಒಂದು ಜಿಕ್ಕಾರೋನ್ (ವಿಮೋಚನಕಾಂಡ 12:14). ಹಿಂದೆ ನಡೆದದ್ದನ್ನು ಬರೀ ನೆನಪು ಮಾಡಿಕೊಳ್ಳುವುದಕ್ಕಿಂತ ಹೆಚ್ಚಿನದು ಅಲ್ಲಿದೆ ಎನ್ನಲು ಇಷ್ಟು ಆಧಾರ ಸಾಕು. ಆದರೆ "ಯೇಸುಸ್ವಾಮಿ ಅಂದು ಜಿಕ್ಕಾರೋನ್ ಎಂಬ ಪದವನ್ನೇ ಉಚ್ಚರಿಸಿದರು" ಎಂದು ಸಾಧಿಸಲು ಹೋಗಬೇಡಿ. ನಮ್ಮ ಕೈಯಲ್ಲಿರುವುದು ಗ್ರೀಕ್.

ಒಪ್ಪದ ವಚನಗಳನ್ನೇ ಹುಡುಕಿ

ಸಿದ್ಧಾಂತಕ್ಕೆ ಒಗ್ಗುವ ವಚನಗಳನ್ನಷ್ಟೇ ಆರಿಸಿ ಪದಕ್ಕೆ ಅರ್ಥ ಕಟ್ಟುವುದು ಸುಲಭದ ಮೋಸ. ಆದ್ದರಿಂದ ಅರಣ್ಯಕಾಂಡ 11:5 ಕಡ್ಡಾಯ. ಅಡವಿಯಲ್ಲಿ ಮನ್ನ ತಿಂದು ಬೇಸತ್ತ ಜನ ಅಳುತ್ತ, "ಐಗುಪ್ತದಲ್ಲಿ ಪುಕ್ಕಟೆ ತಿಂದ ಮೀನು ನಮ್ಮ ನೆನಪಿಗೆ ಬರುತ್ತದೆ" ಎನ್ನುತ್ತಾರೆ. ಸೌತೆಕಾಯಿ, ಕರಬೂಜ, ಈರುಳ್ಳಿ, ಬೆಳ್ಳುಳ್ಳಿ ಎಂದು ಪಟ್ಟಿ ಬೆಳೆಯುತ್ತದೆ. ಅದೂ ಜಾಖರ್. ಅಲ್ಲಿ ಯಾರ ಪರವಾಗಿಯೂ ಯಾರೂ ಎದ್ದು ನಿಲ್ಲುವುದಿಲ್ಲ, ನಾಲಿಗೆ ನೀರೂರುತ್ತದೆ ಅಷ್ಟೇ. 'ಜಾಖರ್ ಎಂದರೆ ಯಾವಾಗಲೂ ಕಾರ್ಯ' ಎಂಬ ಘೋಷಣೆ ಈ ಬೆಳ್ಳುಳ್ಳಿಯ ಮುಂದೆ ನಿಲ್ಲುವುದಿಲ್ಲ. ದೇವರು ಕರ್ತೃವಾದಾಗ ಹೆಚ್ಚಾಗಿ ಕಾರ್ಯ ಹಿಂಬಾಲಿಸುತ್ತದೆ. ಮನುಷ್ಯರು ಕರ್ತೃವಾದಾಗ ಸಂದರ್ಭ ನೋಡಬೇಕು. ನಾನು ಇಷ್ಟು ಮಾತ್ರ ಹೇಳುತ್ತೇನೆ.

ಹಿಂಬಾಲಿಸುವ ಕಾರ್ಯ ಯಾವಾಗಲೂ ಹಿತಕರವಾಗಿಯೂ ಇರುವುದಿಲ್ಲ. ಹೋಶೇಯ 8:13ರಲ್ಲಿ ಆತ ಅವರ ಅಧರ್ಮವನ್ನು ನೆನೆದು ದಂಡಿಸುತ್ತಾನೆ. ಕೀರ್ತನೆ 137 ಪೂರ್ತಿ ಓದಿ, ಅರ್ಧಕ್ಕೆ ನಿಲ್ಲಿಸಬೇಡಿ. ಬಾಬೆಲಿನ ನದಿಗಳ ಬಳಿ ಕೂತು ಚೀಯೋನನ್ನು ನೆನೆದು ಅತ್ತೆವು (1); ಯೆರೂಸಲೇಮೇ, ನಿನ್ನನ್ನು ನೆನೆಯದಿದ್ದರೆ ನಾಲಿಗೆ ಸೇದಿಹೋಗಲಿ (6); ಯೆಹೋವನೇ, ಯೆರೂಸಲೇಮ್ ಬಿದ್ದ ದಿನ ಎದೋಮ್ಯರು ಮಾಡಿದ್ದನ್ನು ನೆನೆ (7). ಮೂರೂ ಜಾಖರ್. ಮೊದಲನೆಯದು ಕಣ್ಣೀರು, ಎರಡನೆಯದು ಆಣೆ, ಮೂರನೆಯದು ಸೇಡಿನ ಮೊರೆ. ಅದರ ಮುಂದಿನ ವಚನಗಳ ಕ್ರೌರ್ಯವನ್ನು ಮೃದು ಮಾಡಿ ವಿವರಿಸುವ ಕೆಲಸಕ್ಕೆ ನಾನಂತೂ ಹೋಗುವುದಿಲ್ಲ.

ಧರ್ಮೋಪದೇಶಕಾಂಡ 25:17-19 ಇನ್ನೂ ವಿಚಿತ್ರ. ಅಮಾಲೇಕ್ಯರು ಮಾಡಿದ್ದನ್ನು ನೆನೆ; ಅವರ ಜೇಖೆರ್ ಆಕಾಶದ ಕೆಳಗೆ ಉಳಿಯದಂತೆ ಅಳಿಸಿಬಿಡು; ಮರೆಯಬೇಡ. ಅಳಿಸಬೇಕೆಂಬುದನ್ನು ಮರೆಯದೆ ನೆನಪಿಟ್ಟುಕೊಳ್ಳಬೇಕು. ಪೂರೀಮ್ ಹಬ್ಬಕ್ಕೆ ಮುಂಚಿನ ಸಬ್ಬತ್ತಿನಲ್ಲಿ ಸಿನಗಾಗ್‌ಗಳಲ್ಲಿ ಈ ಭಾಗವನ್ನು ಇವತ್ತಿಗೂ ಓದುತ್ತಾರೆ. ಆ ಸಬ್ಬತ್ತಿಗೆ 'ಶಬ್ಬಾತ್ ಜಾಖೋರ್' ಎಂದೇ ಹೆಸರು. ಇಲ್ಲಿ ಜೇಖೆರ್‌ಗೆ 'ನೆನಪು' ಎಂದರೆ ಸಾಲದು. ವಿಮೋಚನಕಾಂಡ 3:15ರಲ್ಲಿ ದೇವರ 'ಹೆಸರು' ಮತ್ತು 'ಜೇಖೆರ್' ಜೋಡಿಯಾಗಿ ಬರುವುದನ್ನು ನೋಡಿದರೆ ಪದದ ತೂಕ ತಿಳಿಯುತ್ತದೆ. "ಹೆಸರಿಲ್ಲದಂತೆ ಮಾಡು" ಎನ್ನುವ ನಮ್ಮ ಮಾತು ಹತ್ತಿರ ಬರುತ್ತದೆ.

ಯೆಶಾಯನದು ಬೇರೆ ಆಟ. 43:18ರಲ್ಲಿ ಹಿಂದಿನವುಗಳನ್ನು ನೆನೆಯಬೇಡಿ. 46:9ರಲ್ಲಿ ಹಿಂದಿನವುಗಳನ್ನು ನೆನೆಯಿರಿ. ಹೀಬ್ರೂ ಪದಗಳೂ ಅವೇ. ಇದನ್ನು ಸರಿಪಡಿಸುವ ಆತುರ ಬೇಡ; ಎರಡರ ಹಿಂದುಮುಂದಿನ ಹತ್ತು ವಚನ ಓದಿ. ಮೊದಲನೆಯದರ ಪಕ್ಕದಲ್ಲಿ "ಹೊಸ ಕಾರ್ಯ ಮಾಡುತ್ತೇನೆ" ಎಂದಿದೆ, ಎರಡನೆಯದರ ಪಕ್ಕದಲ್ಲಿ "ನನಗೆ ಸಮಾನರಿಲ್ಲ" ಎಂದಿದೆ. ಹೊಸದಕ್ಕೆ ಅಡ್ಡಬರುವ ನೆನಪು ಬೇಡ, ದೇವರು ಯಾರೆಂದು ತಿಳಿಸುವ ನೆನಪು ಬೇಕು. 43ನೆಯ ಅಧ್ಯಾಯದಲ್ಲೇ ಮುಂದೆ, "ನಿಮ್ಮ ಪಾಪಗಳನ್ನು ನೆನೆಯೆನು" (25). ಮೂರನೆಯ ಕಾಲಮ್ಮಿನ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ನೆನೆಯುವುದು ಕಾರ್ಯವಾದರೆ, ನೆನೆಯದಿರುವುದು ಆ ಕಾರ್ಯಕ್ಕೆ ಇಳಿಯದಿರುವುದು. ಸರ್ವಜ್ಞನಾದ ದೇವರು ಹೇಗೆ ಮರೆಯುತ್ತಾನೆ ಎಂಬ ಒಗಟು ತಾನಾಗಿ ಬಿಚ್ಚಿಕೊಳ್ಳುತ್ತದೆ: ಲೆಕ್ಕದ ಪುಸ್ತಕವನ್ನು ನಮ್ಮ ವಿರುದ್ಧ ತೆರೆಯುವುದಿಲ್ಲ, ಅಷ್ಟೇ. ಅದರ ಮರುವಚನವೇ "ನನಗೆ ನೆನಪಿಸಿರಿ, ವಾದಿಸೋಣ" ಎನ್ನುವುದರಿಂದ ನ್ಯಾಯಾಲಯದ ವಾಸನೆ ಇಲ್ಲಿ ಗಟ್ಟಿಯಾಗಿದೆ.

ಆ ಪದವನ್ನು ಬದುಕುವವರ ಕಡೆ ಒಮ್ಮೆ ನೋಡಿ

ಕ್ರೈಸ್ತರು ಹೀಬ್ರೂ ಪದ ಹಿಡಿದು ಕೂತಾಗ, ಅದನ್ನು ದಿನನಿತ್ಯ ಪ್ರಾರ್ಥನೆಯಲ್ಲಿ ಉಚ್ಚರಿಸುವ ಜನ ಇದ್ದಾರೆಂಬುದನ್ನೇ ಕಡೆಗಣಿಸುತ್ತೇವೆ. ಯೆಹೂದ್ಯರ ಹೊಸವರ್ಷ ರೋಶ್ ಹಶಾನಾಕ್ಕೆ ಪ್ರಾರ್ಥನೆಯಲ್ಲಿ 'ಯೋಮ್ ಹಜಿಕ್ಕಾರೋನ್', ನೆನಪಿನ ದಿನ ಎಂಬ ಹೆಸರೂ ಇದೆ. ಆ ದಿನದ ಪ್ರಾರ್ಥನೆಯಲ್ಲಿ 'ಜಿಖ್ರೋನೋತ್' ಎಂಬ ಭಾಗ ಇದ್ದು, ದೇವರ ನೆನೆಯುವಿಕೆಯ ಹತ್ತು ವಚನಗಳನ್ನು ಓದುತ್ತಾರೆ: ಧರ್ಮಶಾಸ್ತ್ರದಿಂದ ಮೂರು, ಕೀರ್ತನೆಗಳಿಂದ ಮೂರು, ಪ್ರವಾದಿಗಳಿಂದ ಮೂರು, ಕೊನೆಗೆ ಮತ್ತೆ ಧರ್ಮಶಾಸ್ತ್ರದಿಂದ ಒಂದು. ಮೊದಲನೆಯದು ಯಾವುದು ಗೊತ್ತೇ? ಆದಿಕಾಂಡ 8:1. ಈ ಹತ್ತನ್ನು ಯೆಹೂದಿ ಗ್ರಂಥಗಳಿರುವ ಸೆಫಾರಿಯಾ ತಾಣದಲ್ಲಿ ಹುಡುಕಿ ನಿಮ್ಮ ಪಟ್ಟಿಯ ಜೊತೆ ಹೋಲಿಸಿ.

ಸತ್ತವರಿಗಾಗಿ ವರ್ಷಕ್ಕೆ ನಾಲ್ಕು ಸಲ ಹೇಳುವ ಪ್ರಾರ್ಥನೆ ಯಿಜ್ಕೋರ್. ಪದದ ಅರ್ಥ 'ನೆನೆಯಲಿ'. ಯಾರು ನೆನೆಯಲಿ? ದೇವರು. ಹತ್ತು ಆಜ್ಞೆಗಳಲ್ಲಿ ವಿಮೋಚನಕಾಂಡ 20:8 ಸಬ್ಬತ್ತನ್ನು 'ನೆನೆ' ಎಂದರೆ ಧರ್ಮೋಪದೇಶಕಾಂಡ 5:12 'ಕಾಪಾಡು' ಎನ್ನುತ್ತದೆ. ಎರಡನ್ನೂ ದೇವರು ಒಂದೇ ಉಸಿರಿಗೆ ಉಚ್ಚರಿಸಿದ ಎನ್ನುತ್ತದೆ ಯೆಹೂದ್ಯರ ಧರ್ಮಚರ್ಚೆಗಳ ಗ್ರಂಥ ತಾಲ್ಮೂದ್. ಶುಕ್ರವಾರ ಸಂಜೆ ಹಚ್ಚುವ ಎರಡು ದೀಪಗಳನ್ನು ಈ ಎರಡು ಮಾತಿಗೆ ಜೋಡಿಸಿ ಹೇಳುವ ವಾಡಿಕೆ ಇದೆ. ಸಬ್ಬತ್ತನ್ನು 'ನೆನೆಯುವುದು' ದೀಪ ಹಚ್ಚುವುದೂ ಹೌದು, ಊಟಕ್ಕೆ ಕೂರುವುದೂ ಹೌದು.

ನಮ್ಮ ರಾಜ್ಯದಲ್ಲೂ ಈ ಧಾತುವಿನ ನೆಂಟರು ಇದ್ದಾರೆ. ಈ ಧಾತುವಿನಲ್ಲಿ ಹೀಬ್ರೂವಿನ ಜಕಾರ ಅದರ ಸೋದರಭಾಷೆ ಅರಮಾಯಿಕ್‌ನಲ್ಲಿ ದಕಾರ. ಎಜ್ರ 6:2ರಲ್ಲಿ ಸಿಕ್ಕ ಸುರುಳಿಯ ಮೇಲಿನ ತಲೆಬರಹ 'ದಿಖ್ರೋನಾ', ಅಂದರೆ ಜ್ಞಾಪನ ಪತ್ರ. ಅದೇ ಸಿರಿಯಾಕಿನಲ್ಲಿ ದುಕ್ರಾನ. ಕೇರಳದಿಂದ ಬಂದು ಬೆಳ್ತಂಗಡಿ ಸುತ್ತ ನೆಲೆಸಿದ ಸಿರೋ ಮಲಬಾರ್ ಸಭೆಯವರು ಜುಲೈ 3ರಂದು ಸಂತ ತೋಮನ ದುಕ್ರಾನ ಆಚರಿಸುತ್ತಾರಲ್ಲ, ಅದು. ಅರಬ್ಬಿಯಲ್ಲಿ ಜಿಕ್ರ್, ಹುಬ್ಬಳ್ಳಿ, ಗದಗದ ಮುಸ್ಲಿಂ ನೆರೆಯವರ ಬಾಯಲ್ಲಿ ಕೇಳಿಯೇ ಇರುತ್ತೀರಿ. ನೆಂಟಸ್ತಿಕೆ ನಿಜ, ಆದರೆ ಸೂಫಿಗಳ ಜಿಕ್ರ್‌ನ ಅರ್ಥವನ್ನು ತಂದು ಆದಿಕಾಂಡಕ್ಕೆ ತುರುಕಬಾರದು. ಒಂದು ಭಾಷೆಯಲ್ಲಿ ಬೆಳೆದ ಅರ್ಥ ಅಲ್ಲಿನದೇ.

ಈಗ ನಿಘಂಟು ತೆರೆಯಬಹುದು. ನಿಮ್ಮ ನೋಟ್‌ಬುಕ್ಕಿನಲ್ಲಿ ಇಲ್ಲದ್ದು ಅದರಲ್ಲಿ ಏನಿದೆ ಎಂದು ನೋಡಿ, ಅಷ್ಟಕ್ಕೆ ಮಾತ್ರ ವಚನ ತೆಗೆದು ಓದಿ. ಕೂಟದಲ್ಲಿ ಹಂಚಿಕೊಳ್ಳುವಾಗ ಹೀಬ್ರೂ ಪದ ಒಂದೇ ಸಾಕು. ನಿಫಾಲ್, ಹಿಫಿಲ್ ಎಲ್ಲ ಮನೆಯಲ್ಲಿರಲಿ. ಓದಿಗೆ ಕೀರ್ತನೆ 25:6-7 ಕೊಡಿ. ಎರಡೇ ವಚನಗಳಲ್ಲಿ ಜಾಖರ್ ಮೂರು ಸಲ: ನಿನ್ನ ಕರುಣೆಯನ್ನು ನೆನೆ, ನನ್ನ ಯೌವನದ ಪಾಪಗಳನ್ನು ನೆನೆಯಬೇಡ, ನಿನ್ನ ಪ್ರೀತಿಗೆ ತಕ್ಕಂತೆ ನನ್ನನ್ನು ನೆನೆ. ನಾಲ್ಕು ಕಾಲಂ ಅವರೇ ತುಂಬಲಿ, ಯಾರೂ ಹೇಳಿಕೊಡಬೇಡಿ. ಮೂರನೆಯ ಕಾಲಂ ಅಲ್ಲಿ ಖಾಲಿ ಉಳಿಯುತ್ತದೆ, ಏಕೆಂದರೆ ಅದು ಇನ್ನೂ ಬೇಡಿಕೆ, ಖಾಲಿಯೇ ಇರಲಿ. ವಯಸ್ಸಾದವರಿದ್ದರೆ ನೆಹೆಮೀಯ 13ನ್ನೂ ಸೇರಿಸಿ: ಗೋಡೆ ಕಟ್ಟಿಸಿದ ಆ ಅಧಿಕಾರಿ ತನ್ನ ಕೆಲಸದ ವರದಿ ಒಪ್ಪಿಸುತ್ತ, ನಡುನಡುವೆ "ದೇವರೇ, ಇದಕ್ಕಾಗಿ ನನ್ನನ್ನು ನೆನೆ" ಎನ್ನುತ್ತ ಹೋಗುತ್ತಾನೆ, ಪುಸ್ತಕ ಮುಗಿಯುವುದೂ ಆ ಬೇಡಿಕೆಯಲ್ಲೇ.

ಜಾಖರ್ ಮುಗಿದ ಮೇಲೆ ಅದೇ ನೋಟ್‌ಬುಕ್ಕನ್ನು ತಿರುವಿ ಹಿಂಬದಿಯಿಂದ ಪಾಕದ್ (ಸಂದರ್ಶಿಸು, ವಿಚಾರಿಸಿಕೊಳ್ಳು) ಶುರು ಮಾಡಿ, ಸಂಖ್ಯೆ 6485. ಯೆರೆಮೀಯ 15:15ರಲ್ಲೂ ಕೀರ್ತನೆ 8:4ರಲ್ಲೂ ಅದು ಜಾಖರ್‌ನ ಪಕ್ಕದಲ್ಲೇ ಕೂತಿದೆ. ಮೊದಲ ಸಾಲಿಗೆ ಆದಿಕಾಂಡ 21:1, ಸಾರಳ ವಚನ, ಬರೆದುಕೊಳ್ಳಿ.